ತಲೆ ಎಣಿಕೆ

ನಾವು ಹದಿನಾರು ಜನ ಇದ್ದೆವು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಪೇಟೆಯಲ್ಲಿ ಬಾಯಿಗೆ ಬಂದ ಹಾಗೆ ಮಾತಾಡಿದರು. ಹದಿನೇಳು ಜನ ಇದ್ದರಂತೆ, ಹದಿನೆಂಟು ಜನ ಇದ್ದರಂತೆ, ಸಿಕ್ಕಿಬೀಳುತ್ತೇವೆಂದು ನೆಲ ಹಿಡಿದು ಕೂತರಂತೆ. ಸುಳ್ಳು. ಮೈದಾನದಲ್ಲಿ ಎಷ್ಟು ಜನ ಇರಬೇಕೋ ಅಷ್ಟೇ ಇದ್ದೆವು. ಸಾಲಾಗಿ ನಿಂತಿದ್ದರೆ ಕಪ್ ನಮ್ಮದಾಗುತ್ತಿತ್ತು. ನಿಲ್ಲಲಿಲ್ಲ. ಮೊದಲು ಕೂತವಳು ನಾನು.

ನನ್ನ ಹೆಸರು ರೋಂಡಾ. ನಲವತ್ತೊಂದು ವಯಸ್ಸು. ತಂಡದಲ್ಲಿ ನಾನೇ ಮುದುಕಿ. ನಮ್ಮ ಕಡೆಯ ಫುಟ್‌ಬಾಲಿನಲ್ಲಿ ಚೆಂಡನ್ನು ಒದೆಯಲೂಬಹುದು, ಕೈಯಲ್ಲಿ ಹಿಡಿದು ಓಡಲೂಬಹುದು. ನಮ್ಮ ಗೋಲಿನ ಮುಂದೆ ನಿಂತು, ಚೆಂಡು ಹಿಡಿದು ನುಗ್ಗುವವರನ್ನು ಕೆಡವುವುದು ನನ್ನ ಕೆಲಸ. ವಾರಕ್ಕೆ ಐದು ದಿನ ಕಿತ್ತಳೆ ಕೀಳುತ್ತೇನೆ. ಏಣಿ ಹತ್ತಿ ಕಿತ್ತು, ಕೊರಳಿಗೆ ತೂಗುಹಾಕಿದ ಚೀಲ ತುಂಬಿಸಿ, ಇಳಿದು ಸುರಿದು, ಮತ್ತೆ ಹತ್ತಬೇಕು. ತುಂಬಿದ ಚೀಲ ಇಪ್ಪತ್ತು ಕಿಲೋ ತೂಗುತ್ತದೆ. ಪಟ್ಟಿ ಉಜ್ಜಿ ಉಜ್ಜಿ ಎಡಹೆಗಲ ಚರ್ಮ ದಡ್ಡುಗಟ್ಟಿದೆ. ಫೈನಲ್ಲಿನ ಹಿಂದಿನ ದಿನವೂ ಸಂಜೆ ನಾಲ್ಕರವರೆಗೆ ಏಣಿಯ ಮೇಲೆಯೇ ಇದ್ದೆ. ಆಟದ ಬಿಡುವಿನಲ್ಲಿ ಎಲ್ಲರಿಗೂ ಕಿತ್ತಳೆ ಹೋಳು ಹಂಚುತ್ತಾರೆ. ನಾನು ತಿನ್ನುವುದಿಲ್ಲ. ಆ ವಾಸನೆ ಬಂದರೆ ಸಾಕು, ಹೆಗಲು ನೋಯಲು ಶುರುವಾಗುತ್ತದೆ.

ವಿಲ್ಗಾ ಬೆಂಡ್ ಪೇಟೆ ನದಿಯ ಒಂದು ದಡದಲ್ಲಿದೆ, ನಮ್ಮ ಮಿಷನ್ ಇನ್ನೊಂದು ದಡದಲ್ಲಿ. ಬಿಳಿಯರು ಇಲ್ಲಿ ಕಾಲಿಡುವ ಮೊದಲಿಂದಲೂ ಎರಡೂ ದಡ ನಮ್ಮವರದೇ ಆಗಿತ್ತು. ಆಮೇಲೆ ನಮ್ಮನ್ನು ಒಂದು ಕಡೆ ಕೂಡಿಹಾಕಿ, ಬೇಲಿ ಹಾಕಿ, ಒಬ್ಬ ಮ್ಯಾನೇಜರನನ್ನು ಕೂರಿಸಿ ಅದಕ್ಕೆ ಮಿಷನ್ ಎಂದು ಹೆಸರಿಟ್ಟರು. ಮ್ಯಾನೇಜರ್ ಹೋಗಿ ಐವತ್ತು ವರ್ಷವಾಯಿತು. ಹೆಸರು ಹೋಗಿಲ್ಲ. ನಾಲ್ಕು ವರ್ಷ ಅರ್ಜಿ ಗುಜರಾಯಿಸಿದ ಮೇಲೆ ನಮ್ಮ ಹೆಂಗಸರ ತಂಡವನ್ನು ಲೀಗಿಗೆ ಸೇರಿಸಿಕೊಂಡರು. ಅದೂ ಒಂದು ವರ್ಷದ ಮಟ್ಟಿಗೆ. ನಡತೆ ನೋಡಿ ಮುಂದುವರಿಸುತ್ತಾರಂತೆ. ಬೇರೆ ಯಾವ ತಂಡದ ನಡತೆಯನ್ನು ಇವರು ನೋಡಿದ್ದಾರೋ ನಾನು ಕಾಣೆ.

ಬಂದ ಮೊದಲ ವರ್ಷವೇ ಫೈನಲ್ ಮುಟ್ಟಿದೆವು. ಅದು ಅವರಿಗೆ ತಡೆಯಲಾಗಲಿಲ್ಲ.

ಬೆಳಿಗ್ಗೆ ಒಂಬತ್ತೂವರೆಗೆ ಆಟ. ಗಂಡಸರದು ಮಧ್ಯಾಹ್ನ. ಬಟ್ಟೆ ಬದಲಾಯಿಸುವ ಒಳ್ಳೆಯ ಕೋಣೆಗಳನ್ನು ಗಂಡಸರಿಗಾಗಿ ತೊಳೆದು ಬೀಗ ಹಾಕಿದ್ದರು. ಪೇಟೆ ತಂಡದ ಹುಡುಗಿಯರಿಗೆ ಕ್ಲಬ್ಬಿನ ಹಾಲ್ ಬಿಟ್ಟುಕೊಟ್ಟರು. ನಮಗೆ ಹುಲ್ಲು ಕತ್ತರಿಸುವ ಟ್ರ್ಯಾಕ್ಟರ್ ನಿಲ್ಲಿಸುವ ಶೆಡ್. ಗೊಬ್ಬರದ ಮೂಟೆಗಳ ಮೇಲೆ ಕೂತು ಬೂಟು ಕಟ್ಟಿಕೊಂಡೆವು.

ನಮ್ಮ ನಾಯಕಿ ಜಲೀಸಾ. ಇಪ್ಪತ್ತು ವರ್ಷ. ತಾಯಿ ತೀರಿಕೊಂಡ ಮೇಲೆ ನನ್ನ ಮನೆಯಲ್ಲೇ ಬೆಳೆದವಳು. ಮೂರು ವರ್ಷದ ಮಗಳಿದ್ದಾಳೆ, ಟಿಯಾ. ಜಲೀಸಾ ಕುರಿ ಕಡಿಯುವ ಕಾರ್ಖಾನೆಯ ತಣ್ಣನೆ ಕೋಣೆಯಲ್ಲಿ ಮಾಂಸ ಕಟ್ಟುತ್ತಾಳೆ. ಮನೆಗೆ ಬಂದಾಗ ಅವಳ ಬೆರಳುಗಳು ಬಿಚ್ಚುವುದೇ ಇಲ್ಲ, ಬಿಸಿನೀರಲ್ಲಿ ಅದ್ದಿ ಅದ್ದಿ ಬಿಡಿಸಬೇಕು. ಅಂಥ ಕೈಯಿಂದ ಒಂದು ಚೆಂಡು ಜಾರಿದ್ದನ್ನು ನಾನು ನೋಡಿಲ್ಲ. ಅವತ್ತು ಅವಳನ್ನು ನೋಡಲೆಂದೇ ಮೆಲ್ಬರ್ನಿನ ದೊಡ್ಡ ಕ್ಲಬ್ಬಿನಿಂದ ಇಬ್ಬರು ಬಂದಿದ್ದರು.

"ಆಂಟಿ, ಇವತ್ತು ಗೆದ್ರೆ ನಾನ್ ಇಲ್ಲಿಂದ ಹೊರಟೆ," ಎಂದಳು ಶೆಡ್ಡಿನಲ್ಲಿ. "ಟಿಯಾನೂ ಕರ್ಕೊಂಡ್ ಹೋಗ್ತೀನಿ. ಅವ್ಳು ಆ ತಣ್ಣನ್ ಕೋಣೆ ಬಾಗ್ಲು ಕೂಡ ನೋಡ್ಬಾರ್ದು."

"ಮೊದ್ಲು ಬೂಟಿನ ದಾರ ಸರಿಯಾಗ್ ಕಟ್ಕೊ. ಆಮೇಲ್ ಮೆಲ್ಬರ್ನಿಗ್ ಹೋಗುವಂತೆ," ಎಂದೆ. ನಕ್ಕಳು. ಅವಳಿಗೆ ಆ ಕಪ್ ಎಷ್ಟು ಬೇಕಾಗಿತ್ತೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೂತೆ. ಅದನ್ನೂ ಮುಚ್ಚಿಡುವುದಿಲ್ಲ.

ಮೈದಾನದ ಸುತ್ತ ಬೇಲಿಗೆ ಮೂತಿ ತಾಗಿಸಿ ಕಾರುಗಳು ನಿಂತಿದ್ದವು. ಗೋಲಾದರೆ ಹಾರನ್ ಒತ್ತುತ್ತಾರೆ. ನಮ್ಮವರ ಕಾರುಗಳೆಲ್ಲ ಒಂದೇ ಕಡೆ, ನದಿಯ ಪಕ್ಕಕ್ಕೆ. ಅಮ್ಮ ನನ್ನ ಹಳೆಯ ಸ್ಟೇಷನ್ ವ್ಯಾಗನ್ನಿನ ಮುಂದೆ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದಳು. ಅವಳ ಹೆಸರು ಮರ್ಟಲ್, ಎಪ್ಪತ್ತಾರು ವರ್ಷ. ಟಿಯಾ ಮತ್ತು ಇನ್ನು ಮೂರು ಚಿಳ್ಳೆಪಿಳ್ಳೆಗಳು ಅವಳ ಸುತ್ತ ಆಡುತ್ತಿದ್ದವು.

ಪೇಟೆ ತಂಡದ ನಾಯಕಿ ಹೇಲಿ. ನಾನು ಕಿತ್ತಳೆ ಕೀಳುವ ತೋಟ ಅವಳಪ್ಪನದು. ದಾರಿಯಲ್ಲಿ ಕಂಡರೆ ಕೈ ಬೀಸುತ್ತಾಳೆ. ಏಳು ವರ್ಷವಾಯಿತು, ನನ್ನ ಹೆಸರು ಮಾತ್ರ ಅವಳಿಗೆ ಗೊತ್ತಿಲ್ಲ.

ಎರಡನೇ ಕ್ವಾರ್ಟರಿನಲ್ಲಿ ನಾವು ಮುಂದೆ ಹೋದೆವು. ಜಲೀಸಾ ಮೂವರ ತಲೆಯ ಮೇಲೆ ಹಾರಿ ಚೆಂಡು ಹಿಡಿದು, ನಡುಕಂಬಗಳ ನಡುವೆ ನೇರ ಒದ್ದಳು. ಆರು ಅಂಕ. ಬದಿಯ ಕಂಬಗಳ ನಡುವೆ ಹೋಗಿದ್ದರೆ ಒಂದೇ. ನಮ್ಮ ಕಡೆಯ ಹಾರನ್‌ಗಳು ಒಟ್ಟಿಗೆ ಹೊಡೆದುಕೊಂಡವು. ಆಗಲೇ ಹೇಲಿ ಅಂಪೈರ್ ಹತ್ತಿರ ಓಡಿದಳು. ಅಂಪೈರ್ ಟ್ರೆವರ್ ಶಿಳ್ಳೆ ಊದಿ ಎರಡೂ ಕೈ ಮೇಲೆತ್ತಿದ.

"ಎಣಿಕೆ ಕೇಳಿದಾರೆ. ಹುಡ್ಗೀರಾ, ಎಲ್ರೂ ಮಧ್ಯಕ್ಕೆ ಬಂದು ಸಾಲಾಗ್ ನಿಂತ್ಕೊಳ್ಳಿ."

ಈ ಆಟದಲ್ಲಿ ಅಂಥ ಒಂದು ಹಳೆಯ ನಿಯಮವಿದೆ. ಎದುರಿನವರು ಹೆಚ್ಚು ಆಳು ಇಳಿಸಿದ್ದಾರೆ ಎಂದು ಅನುಮಾನ ಬಂದರೆ ನಾಯಕಿ ಎಣಿಕೆ ಕೇಳಬಹುದು. ಎದುರಿನವರು ಸಾಲಾಗಿ ನಿಲ್ಲಬೇಕು, ಅಂಪೈರ್ ತಲೆ ಎಣಿಸುತ್ತಾನೆ. ಒಂದು ತಲೆ ಹೆಚ್ಚಿದ್ದರೂ ಅಲ್ಲಿಯವರೆಗೆ ಗಳಿಸಿದ ಅಂಕವೆಲ್ಲ ಸೊನ್ನೆ. ಹುಟ್ಟಿದಾಗಿನಿಂದ ಈ ಆಟ ನೋಡಿಕೊಂಡು ಬಂದವಳು ನಾನು. ಯಾರೂ ಅದನ್ನು ಕೇಳಿದ್ದು ಕಂಡಿರಲಿಲ್ಲ.

ನಿಂತೆವು. ಆಟದ ಬಿಸಿ ಇನ್ನೂ ಮೈಯಲ್ಲಿತ್ತು, ಏನಾಗುತ್ತಿದೆ ಎಂದು ತಲೆಗೆ ಹೋಗಲಿಲ್ಲ. ಟ್ರೆವರ್ ಬೆರಳು ಚಾಚಿ ಒಬ್ಬೊಬ್ಬರ ಎದೆಯತ್ತ ತೋರಿಸುತ್ತ ಬಂದ. ಹತ್ತರವರೆಗೆ ಬಂದವನು ನಿಂತ.

"ಅಲ್ಲಾಡ್ಬೇಡಿ. ಲೆಕ್ಕ ತಪ್ಪೋಯ್ತು. ಮೊದ್ಲಿಂದ."

ಕಾರುಗಳ ಕಡೆಯಿಂದ ಯಾವನೋ ಕೂಗಿದ. "ಇನ್ನೊಂದ್ ಸಲ ಎಣ್ಸಪ್ಪ, ಎಲ್ಲಾ ಒಂದೇ ಥರ ಇದಾವೆ!" ನಗು ಬೇಲಿಯುದ್ದಕ್ಕೂ ಓಡಿತು. ಪೇಟೆಯ ಹುಡುಗಿಯರು ಅತ್ತ ನೀರು ಕುಡಿಯುತ್ತ ನಿಂತಿದ್ದರು. ಕೆಲವರು ನಕ್ಕರು, ಕೆಲವರು ನೆಲ ನೋಡಿದರು. ನಕ್ಕವರೇ ವಾಸಿ, ಮುಖವಾದರೂ ಕಂಡಿತು.

ಆಗ ನಾನು ನದಿಯ ಕಡೆ ನೋಡಿದೆ.

ಅಮ್ಮ ಕುರ್ಚಿಯಲ್ಲಿರಲಿಲ್ಲ. ಕಾರಿನ ಹಿಂಬಾಗಿಲು ತೆಗೆದು ಮಕ್ಕಳನ್ನು ಒಳಗೆ ತಳ್ಳುತ್ತಿದ್ದಳು. ಟಿಯಾಳ ತಲೆ ಅದುಮಿ ಸೀಟಿನ ಕೆಳಗೆ ಕೂರಿಸಿದಳು. ಮೇಲೆ ಕಂಬಳಿ ಎಳೆದಳು. ಬಾಗಿಲು ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತಳು. ಪಕ್ಕದ ಕಾರಿನ ಆಂಟಿ ಡಲ್ಸಿ ಎರಡು ಮಕ್ಕಳ ರಟ್ಟೆ ಹಿಡಿದು ನದಿಯ ಮರಗಳ ಹಿಂದಕ್ಕೆ ಎಳೆದುಕೊಂಡು ಹೋಗುತ್ತಿದ್ದಳು. ಅವಳದು ಸೊಂಟ ಹಿಡಿದ ನಡಿಗೆ, ಓಡಲಾಗದು. ಆದರೂ ಓಡುತ್ತಿದ್ದಳು. ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ನಮ್ಮವರನ್ನು ಸಾಲಾಗಿ ನಿಲ್ಲಿಸಿ ಬಿಳಿಯನೊಬ್ಬ ಎಣಿಸುತ್ತಿದ್ದುದನ್ನು ಕಂಡರು, ಅಷ್ಟೆ. ಮಿಕ್ಕಿದ್ದನ್ನು ಅವರ ಕೈಕಾಲು ತಾವಾಗಿ ಮಾಡಿದವು.

ಅಮ್ಮ ಎಂಟು ವರ್ಷದವಳಿದ್ದಾಗ ಮಿಷನ್ನಿನಲ್ಲಿ ಶನಿವಾರ ಬೆಳಿಗ್ಗೆ ಗಂಟೆ ಬಾರಿಸುತ್ತಿದ್ದರು. ಎಲ್ಲರೂ ಸಾಲಾಗಿ ನಿಲ್ಲಬೇಕು. ಮ್ಯಾನೇಜರ್ ತಲೆ ಎಣಿಸಿದ ಮೇಲೆ ಹಿಟ್ಟು, ಸಕ್ಕರೆ, ಚಹಾಪುಡಿ. ಒಂದು ಶನಿವಾರ ಎಣಿಸಿ ಮುಗಿಸಿದವನು ಅಮ್ಮನ ಪಕ್ಕದಲ್ಲಿ ನಿಂತಿದ್ದ ಅವಳ ತಂಗಿ ಐವಿಯನ್ನು ಸಾಲಿನಿಂದ ಹೊರಗೆ ಕರೆದ. ಆರು ವರ್ಷದ ಹುಡುಗಿ. ಮೈಬಣ್ಣ ಸ್ವಲ್ಪ ತಿಳಿ, ಅದೇ ಅವಳ ತಪ್ಪು. ಅಂಥ ಮಕ್ಕಳನ್ನು ಬಿಳಿಯರ ಹಾಗೆ ಬೆಳೆಸುತ್ತೇವೆಂದು ಸರ್ಕಾರದವರು ಕಿತ್ತುಕೊಳ್ಳುತ್ತಿದ್ದರು. ಕಪ್ಪು ಕಾರಿನಲ್ಲಿ ಕೂರಿಸಿಕೊಂಡು ಹೋದರು. ಎಲ್ಲಿಗೆ ಎಂದು ಇವತ್ತಿಗೂ ಗೊತ್ತಿಲ್ಲ. ಅಲ್ಲಿಂದ ಮುಂದೆ ಗಂಟೆ ಬಾರಿಸಿದಾಗೆಲ್ಲ ಹೆಂಗಸರು ಮಕ್ಕಳನ್ನು ಪೊದೆಗಳಲ್ಲಿ ಬಚ್ಚಿಟ್ಟು ಬಂದು ಸಾಲಿಗೆ ನಿಲ್ಲುತ್ತಿದ್ದರು. ಅಮ್ಮ ಇದನ್ನು ನನಗೆ ಹೇಳಿದ್ದು ಜೀವಮಾನದಲ್ಲಿ ಒಂದೇ ಸಲ.

ಟ್ರೆವರ್ ಎಣಿಸಿ ಮುಗಿಸಿದ. ಹದಿನಾರೇ ಆಯಿತು. ಸುಳ್ಳು ಅನುಮಾನಕ್ಕೆ ದಂಡವೆಂದು, ಯಾರ ಅಡ್ಡಿಯಿಲ್ಲದೆ ಚೆಂಡು ಒದೆಯುವ ಒಂದು ಅವಕಾಶ ನಮಗೆ ಕೊಟ್ಟು ಆಟ ಮುಂದುವರಿಸಿದ. ಬರೀ ಆಟ ನಿಲ್ಲಿಸಲು ಎಣಿಕೆ ಕೇಳಿದ ನಾಯಕಿಯ ಮೇಲೆ ದೂರು ಬರೆಯಬೇಕೆಂದೂ ನಿಯಮದಲ್ಲಿದೆ. ಟ್ರೆವರ್ ಬರೆಯಲಿಲ್ಲ.

ಅರ್ಧ ಆಟದ ಬಿಡುವಿನಲ್ಲಿ ನಾನು ಅಮ್ಮನ ಹತ್ತಿರ ಹೋದೆ. ಬಿಸಿಲು ಚುರುಗುಟ್ಟುತ್ತಿತ್ತು. ಮಕ್ಕಳು ಕಾರಿನಿಂದ ಇಳಿದು ಬೆವರಿಳಿಸುತ್ತ ನಿಂತಿದ್ದವು. ಅದೊಂದು ಆಟವೆಂದು ಅವು ತಿಳಿದಿದ್ದವು.

"ಯಾಕಮ್ಮ ಮಕ್ಳನ್ನ ಒಳಗ್ ಹಾಕ್ದೆ?"

"ಚಳಿ ಇತ್ತಲ್ಲ. ಅದಕ್ಕೇ ಹೊದಿಸ್ದೆ," ಎಂದಳು. ನನ್ನ ಮುಖ ನೋಡಲಿಲ್ಲ. "ಹೋಗು, ಆಡ್ಹೋಗು. ಅವ್ರ ಕಡೆ ಆ ಉದ್ದನ್ ಹುಡ್ಗಿನ ಸುಮ್ನೆ ಬಿಡ್ತಾ ಇದ್ದೀಯ. ಮೊಣಕೈ ಕೊಡು ಅವ್ಳಿಗೆ."

ಆ ಸಾಲಿನಲ್ಲಿ ನಾನು ಮಾತಿಲ್ಲದೆ ನಿಂತಿದ್ದೆ. ಇದೇ ಅಮ್ಮನ ಎದುರಿಗೆ ಮೈ ನೆಟ್ಟಗೆ ಮಾಡಿ ನಿಂತಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಆಟ ಬಿಗಿಯಾಯಿತು. ಮೂರನೇ ಕ್ವಾರ್ಟರಿನಲ್ಲಿ ಅವರು ಮುಂದೆ, ನಾಲ್ಕನೆಯದರಲ್ಲಿ ಮತ್ತೆ ನಾವು. ನನ್ನ ತುಟಿ ಒಡೆದಿತ್ತು. ಎಡಹೆಗಲು ಎತ್ತಲಾಗುತ್ತಿರಲಿಲ್ಲ. ಉದ್ದನೆಯ ಹುಡುಗಿಗೆ ಅಮ್ಮ ಹೇಳಿದ ಹಾಗೆ ಮೊಣಕೈ ಕೊಟ್ಟೆ, ಅವಳೂ ಕೊಟ್ಟಳು. ಬೋರ್ಡಿನಲ್ಲಿ ನಾವು ಮೂವತ್ತೆಂಟು, ಅವರು ಮೂವತ್ತಮೂರು. ಉಳಿದದ್ದು ಆರು ನಿಮಿಷ. ಚೆಂಡು ನಮ್ಮ ಕೈಯಲ್ಲಿತ್ತು. ಜಲೀಸಾ ಓಡುತ್ತಿದ್ದಳು, ಮುಂದೆ ಖಾಲಿ ಮೈದಾನ.

ಶಿಳ್ಳೆ.

"ಎಣಿಕೆ ಕೇಳಿದಾರೆ. ಸಾಲಾಗ್ ನಿಲ್ಲಿ."

ಜಲೀಸಾ ಚೆಂಡನ್ನು ನೆಲಕ್ಕೆ ಕುಕ್ಕಿದಳು. "ಆಗ್ಲೇ ಎಣಿಸಿದ್ರಲ್ಲ ಸಾರ್! ಇಷ್ಟರಲ್ಲಿ ನಾವೇನ್ ಮರಿ ಹಾಕಿದ್ವಾ?"

"ನಾಯಕಿ ಕೇಳಿದ್ರೆ ನಾನ್ ಎಣಿಸ್ಬೇಕು. ನಿಯಮ."

ಹೇಲಿ ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತಿದ್ದಳು. ಅವಳ ತಂಡಕ್ಕೆ ಉಸಿರು ತೆಗೆದುಕೊಳ್ಳಲು ಎರಡು ನಿಮಿಷ ಬೇಕಿತ್ತು, ಇದ್ದದ್ದು ಅಷ್ಟೇ. ನಮ್ಮ ಹುಡುಗಿಯರು ಗೊಣಗುತ್ತ ಮಧ್ಯಕ್ಕೆ ಬಂದರು. ನಾನೂ ಬಂದೆ. ಬಂದು ನದಿಯ ಕಡೆ ನೋಡಿದೆ. ಅಮ್ಮ ಆಗಲೇ ಎದ್ದಿದ್ದಳು. ಕುರ್ಚಿ ಉರುಳಿಬಿದ್ದಿತ್ತು. ಹಿಂಬಾಗಿಲ ಹಿಡಿಗೆ ಕೈ ಹಾಕಿದ್ದಳು.

ನಾನು ಕೂತೆ. ಕಾಲು ಮಡಚಿ, ಹುಲ್ಲಿನ ಮೇಲೆ, ಮೈದಾನದ ನಟ್ಟನಡುವೆ.

"ಏನಿದು? ಏಳಿ ಮೇಲೆ," ಎಂದ ಟ್ರೆವರ್.

"ಏಳಲ್ಲ."

"ಏಟು ಬಿದ್ದಿದ್ಯಾ?"

"ಇಲ್ಲ. ನಾನು ಎಣಿಸ್ಕೊಳ್ಳಲ್ಲ."

ಅವನಿಗೆ ಅರ್ಥವಾಗಲಿಲ್ಲ. ಜಲೀಸಾ ಓಡಿ ಬಂದು ನನ್ನ ಮುಂದೆ ಮಂಡಿಯೂರಿದಳು. ಮುಖದಲ್ಲಿ ಮಣ್ಣು, ಬೆವರು.

"ಆಂಟಿ, ಏಳು. ಎರಡೇ ನಿಮಿಷ. ಎಣಿಸ್ಲಿ ಬಿಡು, ಹದಿನಾರೇ ಇದೀವಿ. ಆಮೇಲ್ ಚೆಂಡು ನಮ್ದೇ, ಗೆದ್ದೇ ಗೆಲ್ತೀವಿ."

"ಗೊತ್ತು ಮಗಳೇ."

"ಗೊತ್ತಿದ್ರೆ ಏಳು! ಅವ್ರು ನೋಡ್ತಾ ಇದಾರೆ. ಮೆಲ್ಬರ್ನಿನೋರು. ಆಂಟಿ, ನಿನ್ ಕಾಲಿಗ್ ಬೀಳ್ತೀನಿ. ನಂದೊಂದು ಬದುಕು ಹಾಳ್ ಮಾಡ್ಬೇಡ."

ಅದು ಚುಚ್ಚಿತು. ಈಗಲೂ ಚುಚ್ಚುತ್ತದೆ. ಈ ಹುಡುಗಿಗೆ ಜ್ವರ ಬಂದಾಗ ರಾತ್ರಿಯೆಲ್ಲ ಎತ್ತಿಕೊಂಡು ಓಡಾಡಿದವಳು ನಾನು. ಅವಳ ಮರಗಟ್ಟಿದ ಬೆರಳು ಬಿಡಿಸಿದವಳು ನಾನು. ಅವಳ ಬದುಕಿಗೆ ಕಲ್ಲು ಹಾಕುತ್ತಿರುವವಳೂ ನಾನೇ. ನದಿಯ ಕಡೆ ಕೈ ತೋರಿಸಿದೆ.

ಜಲೀಸಾ ತಿರುಗಿ ನೋಡಿದಳು. ಮೊದಲ ಎಣಿಕೆಯಲ್ಲಿ ಅವಳು ಅತ್ತ ನೋಡಿರಲಿಲ್ಲ, ಆಟದಲ್ಲೇ ಮುಳುಗಿದ್ದಳು. ಅಮ್ಮ ಟಿಯಾಳನ್ನು ಕಾರಿನೊಳಗೆ ತುರುಕುತ್ತಿದ್ದಳು. ಈ ಸಲ ಮಗುವಿಗೆ ಬೇಕಿರಲಿಲ್ಲ, ಅಳುತ್ತ ಕೊಸರಾಡುತ್ತಿತ್ತು. ಅಮ್ಮ ಅದರ ಬಾಯಿಗೆ ಕೈ ಅಡ್ಡ ಹಿಡಿದು, ಒಂದು ಕಣ್ಣು ನಮ್ಮ ಮೇಲೆ, ಒಂದು ಕಣ್ಣು ಟ್ರೆವರ್ ಮೇಲೆ ಇಟ್ಟು, ಕಂಬಳಿ ಎಳೆಯುತ್ತಿದ್ದಳು.

ಐವಿಯ ಕಥೆ ಜಲೀಸಾಳಿಗೆ ಗೊತ್ತಿತ್ತು. ನಾನೇ ಹೇಳಿದ್ದೆ. ಅವಳು ಬಹಳ ಹೊತ್ತು ಅತ್ತಲೇ ನೋಡಿದಳು. ಆಮೇಲೆ ಒಂದು ಕೆಟ್ಟ ಬೈಗುಳ ಬೈದಳು. ನನ್ನನ್ನೋ, ಟ್ರೆವರನನ್ನೋ, ಯಾರನ್ನೋ. ಬೈದು ನನ್ನ ಪಕ್ಕದಲ್ಲಿ ಕೂತಳು.

ಅವಳು ಕೂತಮೇಲೆ ಉಳಿದವರು ಏನೂ ಕೇಳಲಿಲ್ಲ. ಒಬ್ಬರಾದ ಮೇಲೆ ಒಬ್ಬರು ಕೂತರು. ಒಬ್ಬಳು ಅಳುತ್ತಲೇ ಕೂತಳು. ಅವಳಿಗೂ ಕಪ್ ಬೇಕಿತ್ತು.

ಲೀಗಿನ ಕಾರ್ಯದರ್ಶಿ ನೆವಿಲ್ ಮೈದಾನಕ್ಕಿಳಿದು ಬಂದ. ಇಸ್ತ್ರಿ ಮಾಡಿದ ಕೋಟು, ಎದೆಗೆ ಬಿಲ್ಲೆ. "ನೋಡ್ರಮ್ಮ, ಹಟ ಮಾಡ್ಬೇಡಿ. ಸಾಲಲ್ಲಿ ನಿಲ್ಲಲ್ಲ ಅಂದ್ರೆ ಜಾಸ್ತಿ ಆಳಿತ್ತು ಅಂತ್ಲೇ ಲೆಕ್ಕ. ಎಲ್ಲಾ ಅಂಕ ಅಳಿಸ್ಬೇಕಾಗತ್ತೆ."

"ಕೂತಿದೀವಲ್ಲ, ಕಣ್ಣಿಗ್ ಕಾಣಲ್ವಾ?" ಎಂದಳು ಜಲೀಸಾ.

"ನಿಯಮದಲ್ಲಿ ನಿಲ್ಬೇಕು ಅಂತಿದೆ."

"ಹಂಗಾದ್ರೆ ಅಳ್ಸಿ."

ಬೋರ್ಡಿನ ಮನುಷ್ಯ ಏಣಿ ಹತ್ತಿದ. ನಮ್ಮ ಮೂರನ್ನು ತೆಗೆದ, ಎಂಟನ್ನು ತೆಗೆದ, ಒಂದು ಸೊನ್ನೆ ತೂಗುಹಾಕಿದ. ಪೇಟೆಯವರ ಕಾರುಗಳು ಹಾರನ್ ಹೊಡೆದವು. ಮೆಲ್ಬರ್ನಿನ ಇಬ್ಬರು ತಮ್ಮ ಪುಸ್ತಕ ಮುಚ್ಚಿ ಎದ್ದು ಹೋದುದನ್ನು ನಾನು ನೋಡಿದೆ. ಜಲೀಸಾಳೂ ನೋಡಿದಳು.

ನಾವು ಹೊರಟುಹೋಗುತ್ತೇವೆ ಎಂದು ಎಲ್ಲರೂ ಅಂದುಕೊಂಡಿದ್ದರು. ಟ್ರೆವರ್ ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡಿದ್ದ.

ಜಲೀಸಾ ಎದ್ದು ಚಡ್ಡಿಯ ಹುಲ್ಲು ಕೊಡವಿದಳು. "ಇನ್ನೂ ಆರ್ ನಿಮಿಷ ಇದೆ. ಚೆಂಡ್ ಹಾಕಿ ಸಾರ್."

ಸೊನ್ನೆಯಿಂದ ಆಡಿದೆವು. ಮೂವತ್ತಮೂರಕ್ಕೆ ಸೊನ್ನೆ, ಆರು ನಿಮಿಷ. ಗೆಲ್ಲುವ ಮಾತೇ ಇರಲಿಲ್ಲ. ಆದರೆ ಹಾಗೆ ನಾವು ಯಾವತ್ತೂ ಆಡಿರಲಿಲ್ಲ. ನನ್ನ ಹೆಗಲು ಇದೆಯೋ ಇಲ್ಲವೋ ಎಂಬುದು ಮರೆತುಹೋಯಿತು. ಉದ್ದನೆಯ ಹುಡುಗಿ ಮೂರು ಸಲ ಬಂದಳು, ಮೂರು ಸಲವೂ ನೆಲಕ್ಕೆ ಬಿದ್ದಳು. ಅವರಿಗೆ ಒಂದು ಅಂಕವನ್ನೂ ಕೊಡಲಿಲ್ಲ. ಜಲೀಸಾ ಎರಡು ಗೋಲು ಹೊಡೆದಳು. ಒಂದನ್ನು ಬದಿಯ ಗೆರೆಯಿಂದ, ಓಡುತ್ತಲೇ, ಪಾದ ಓರೆ ಮಾಡಿ ಹೊಡೆದಳು. ಅಂಥ ಗೋಲನ್ನು ಈ ಮೈದಾನ ಕಂಡಿಲ್ಲ. ಬರೆದುಕೊಳ್ಳಬೇಕಾದವರು ಹೊರಟುಹೋಗಿದ್ದರು. ಸೈರನ್ ಆದಾಗ ಬೋರ್ಡಿನಲ್ಲಿ ನಮಗೆ ಹದಿಮೂರು.

ಕಪ್ ಹೇಲಿಗೆ ಕೊಟ್ಟರು. ಚಿತ್ರ ತೆಗೆದರು. ನಾವು ಶೆಡ್ಡಿಗೆ ಬಂದೆವು.

ಜಲೀಸಾ ಗೊಬ್ಬರದ ಮೂಟೆಯ ಮೇಲೆ ಮುಖ ಮುಚ್ಚಿ ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ನಿಂತೆ.

"ನಂಗೆ ಆ ಕಪ್ ಬೇಕಿತ್ತು ಆಂಟಿ."

"ನಂಗೂ ಬೇಕಿತ್ತು."

"ನಿಂಗ್ ಬೇಕಿದ್ದಿದ್ದು ಬೇರೆ. ನಂಗ್ ಬೇಕಿದ್ದಿದ್ದು ಬೇರೆ," ಎಂದಳು. ಸರಿಯಾಗಿಯೇ ಹೇಳಿದಳು. ನಾನು ಕ್ಷಮಿಸು ಎನ್ನಲಿಲ್ಲ. ಅಂದಿದ್ದರೆ ಅದು ಸುಳ್ಳಾಗುತ್ತಿತ್ತು. ಇನ್ನೊಂದು ಸಲ ಶಿಳ್ಳೆ ಊದಿದರೂ ನಾನು ಕೂರುತ್ತಿದ್ದೆ.

ಅಷ್ಟರಲ್ಲಿ ನೆವಿಲ್ ಬಂದ. ಕೈಯಲ್ಲಿ ಲೀಗಿನ ಮೊಹರಿನ ಒಂದು ಉದ್ದ ಹಾಳೆ, ಒಂದು ಪೆನ್ನು. ಬಾಗಿಲಲ್ಲೇ ನಿಂತ, ಡೀಸೆಲ್ ವಾಸನೆ ಅವನಿಗೆ ಆಗಲಿಲ್ಲ.

"ಅಂಪೈರ್ ಮಾತು ಮೀರಿ ಮೈದಾನದಲ್ಲಿ ಯಾರ್ಯಾರು ಕೂತ್ರೋ ಅವ್ರು ಇದ್ರಲ್ಲಿ ಹೆಸ್ರು ಬರ್ದು ಸಹಿ ಹಾಕ್ಬೇಕು. ಹಾಕ್ದೋರು ಎರಡ್ ವರ್ಷ ಎಲ್ಲೂ ಆಡೋ ಹಾಗಿಲ್ಲ. ಯಾವ್ ಲೀಗಲ್ಲೂ." ಸ್ವಲ್ಪ ತಡೆದು ದನಿ ತಗ್ಗಿಸಿದ. "ಮೊದ್ಲು ಕೂತೋರು ಒಬ್ರೇ ಬರದ್ರೂ ಸಾಕು. ಮಿಕ್ಕೋರು ಗೊತ್ತಾಗ್ದೆ ಕೂತ್ರು ಅಂತ ನಾನ್ ನೋಡ್ಕೋತೀನಿ."

"ಕೊಡಿ ಇಲ್ಲಿ," ಎಂದು ನಾನು ಕೈ ಚಾಚಿದೆ.

ನನಗಿಂತ ಮೊದಲು ಜಲೀಸಾಳ ಕೈ ಹೋಯಿತು.

"ಬೇಡ ಕಣೇ," ಎಂದೆ. "ನೀನ್ ಬರೀಬೇಡ. ನಂಗ್ ವಯಸ್ಸಾಯ್ತು, ನಂಗೇನ್ ಹೋಗತ್ತೆ? ನಿಂಗಿನ್ನೂ ಮೆಲ್ಬರ್ನ್ ಇದೆ. ಮುಂದಿನ್ ವರ್ಷ ಮತ್ತೆ ಬರ್ತಾರೆ ಅವ್ರು."

"ಸುಮ್ನಿರು ಆಂಟಿ. ಇವತ್ತು ನಿನ್ ಮಾತು ಕೇಳಿದ್ದು ಸಾಕು."

ಹಾಳೆಯನ್ನು ಟ್ರ್ಯಾಕ್ಟರಿನ ಚಕ್ರದ ಮೇಲೆ ಒತ್ತಿ ಹಿಡಿದು ತನ್ನ ಪೂರ್ತಿ ಹೆಸರು ಬರೆದಳು. ಬೆರಳು ನೋಯುತ್ತಿತ್ತು, ನಿಧಾನವಾಗಿ ಬರೆದಳು. ನಾನು ಬರೆದೆ. ಒಬ್ಬೊಬ್ಬರಾಗಿ ಎಲ್ಲರೂ ಬರೆದರು. ಅಳುತ್ತ ಕೂತಿದ್ದವಳೂ ಬರೆದಳು. ನೆವಿಲ್ ಹಾಳೆಗಾಗಿ ಕೈ ಚಾಚಿದ. ಜಲೀಸಾ ಅವನನ್ನು ದಾಟಿಕೊಂಡು ಹೊರಗೆ ಹೋದಳು.

ಬೇಲಿಯ ಹತ್ತಿರ ನಮ್ಮವರೆಲ್ಲ ಗುಂಪುಗೂಡಿದ್ದರು. ಅವಳು ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ಹಾಳೆ ಕಾರಿನ ಬಾನೆಟ್ಟಿನಿಂದ ಬಾನೆಟ್ಟಿಗೆ ಹೋಯಿತು. ಆಂಟಿ ಡಲ್ಸಿ ಬರೆದಳು. ಹುಡುಗಿಯರ ತಾಯಂದಿರು ಬರೆದರು, ಕನ್ನಡಕವಿಲ್ಲದವರು ಬೇರೆಯವರ ಕನ್ನಡಕ ಹಾಕಿಕೊಂಡು ಬರೆದರು. ಅಮ್ಮನ ಸರದಿ ಬಂತು. ಅವಳು ಯಾವ ಕಾಗದಕ್ಕೂ ಸಹಿ ಹಾಕುವವಳಲ್ಲ. ಸರ್ಕಾರದ ಕಾಗದ ಬಂದರೆ ಒಲೆಗೆ ಹಾಕುತ್ತಾಳೆ. ಪೆನ್ನು ಹಿಡಿದು ಒಂದಷ್ಟು ಹೊತ್ತು ನಿಂತಳು. ಆಮೇಲೆ ಬಾಗಿ, ಶಾಲೆಯ ಹುಡುಗಿಯ ದುಂಡು ಅಕ್ಷರಗಳಲ್ಲಿ ಮರ್ಟಲ್ ಎಂದು ಬರೆದಳು.

ಜಲೀಸಾ ಹಾಳೆಯನ್ನು ತಂದು ನೆವಿಲ್‌ನ ಕೈಗಿಟ್ಟಳು. ಎರಡೂ ಬದಿ ತುಂಬಿತ್ತು. ಅವನು ಪೆನ್ನಿನ ತುದಿಯಿಂದ ಒಂದೊಂದೇ ಹೆಸರು ಮುಟ್ಟುತ್ತ ಹೋದ. ಮೂವತ್ತು ದಾಟಿದ ಮೇಲೆ ನಿಂತು ತಲೆಯೆತ್ತಿದ.

"ಇಷ್ಟೊಂದ್ ಜನ ಮೈದಾನದಲ್ಲಿ ಇರ್ಲಿಲ್ವಲ್ಲ."

"ಇದ್ರು," ಎಂದಳು ಜಲೀಸಾ. "ನಿಮಗ್ ಕಾಣ್ಲಿಲ್ಲ ಅಷ್ಟೆ."